‘ದು’ ಪುಟದ ಕೆಂಪು ಗೆರೆಗಳು

ಮನುಷ್ಯನಿಗೆ ಈ ಲೋಕದಲ್ಲಿ ಮೊದಲು ದಕ್ಕುವ ಆಸ್ತಿ ಅವನ ಹೆಸರು. ಕಟ್ಟಕಡೆಗೆ ಉಳಿಯುವ ಆಸ್ತಿಯೂ ಅದೇ. ಈ ಗಂಭೀರ ವಾಕ್ಯವನ್ನು ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದುಂಡಗೆ ಬರೆದು, ಕೆಳಗೆ ಎರಡು ಅಡ್ಡಗೆರೆ ಎಳೆದಿದ್ದೆ. ಮಸಿ ಆರುವ ಮೊದಲೇ ನನ್ನ ಹೆಂಡತಿ ಅದರ ಮೇಲೆ ಚಹಾದ ಕಪ್ಪು ಇಟ್ಟಳು. ‘ಆಸ್ತಿ’ ಎಂಬ ಶಬ್ದ ಎರಡೂ ಕಡೆ ಕರಗಿಹೋಯಿತು. ಮಿಕ್ಕ ವಾಕ್ಯ ಈಗಲೂ ಹಾಗೇ ಇದೆ. ಅದರಿಂದ ಅರ್ಥ ಮಾತ್ರ ಹೊರಡುವುದಿಲ್ಲ.

ಇದು ಎಂಬತ್ತರ ದಶಕದ ನಡುಭಾಗದ ಮಾತು. ಮಸ್ಕಿ ಆಗ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಊರು. ನಾನು ಬಳಗಾನೂರಿನಿಂದ ಅಲ್ಲಿಗೆ ವರ್ಗವಾಗಿ ಬಂದ ಕನ್ನಡ ಮಾಸ್ತರ. ಬಜಾರದ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಸಿಕ್ಕಿತ್ತು. ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲಿ ನಳ. ದಿನಾ ಮುಂಜಾನೆ ಎರಡು ತಾಸು ಅದರಲ್ಲಿ ನೀರು ಬರುತ್ತಿತ್ತು. ಬಳಗಾನೂರಿನಲ್ಲಿ ಕಾಲುವೆಯಿಂದ ನೀರು ಹೊತ್ತು ಹೊತ್ತು ಸೊಂಟ ಹಿಡಿಸಿಕೊಂಡಿದ್ದ ನನ್ನ ಹೆಂಡತಿ ಮೊದಲ ವಾರವಿಡೀ ಆ ನಳಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ನಾನು ನಕ್ಕಿದ್ದೆ. ಈಗ ನಗುವುದಿಲ್ಲ.

ನೋಟ್‌ಬುಕ್ಕಿನ ವಿಷಯ. ಒಂದೊಂದು ಪುಟದ ನೆತ್ತಿಯ ಮೇಲೆ ಒಂದೊಂದು ಅಕ್ಷರ, ಕಾಗುಣಿತದ ಕ್ರಮದಲ್ಲಿ: ದ, ದಾ, ದಿ, ದೀ, ದು. ಎಡಗಡೆ ಆ ಅಕ್ಷರದಿಂದ ಶುರುವಾಗುವ ಶಬ್ದಗಳು, ಬಲಗಡೆ ಹೆಸರುಗಳು, ಅವುಗಳ ಮುಂದೆ ಸಣ್ಣಕ್ಷರದಲ್ಲಿ ಅರ್ಥ. ಶಬ್ದಕೋಶ ಇರುವಾಗ ಇದೇಕೆ ಬೇಕು ಎಂದು ನಮ್ಮ ಹೆಡ್‌ಮಾಸ್ತರರು ಕೇಳಿದರು. ಶಾಲೆಯಲ್ಲಿ ಶಬ್ದಕೋಶ ಇರಲಿಲ್ಲ. ಇದ್ದದ್ದು ಒಂದು ಗ್ಲೋಬು ಮಾತ್ರ. ಅದರ ಮೇಲೂ ಯಾರೋ ಹುಡುಗರು ಮಸ್ಕಿ ಎಂದು ಗುರುತು ಹಾಕಲು ಹೋಗಿ ತೂತು ಮಾಡಿದ್ದರು.

ಕೂಸಿನ ಹೆಸರಿಗೆಂದು ಜನ ನನ್ನಲ್ಲಿಗೆ ಬರತೊಡಗಿದ್ದು ತಾನಾಗಿಯೇ. ಊರ ಐನೋರು ಪಂಚಾಂಗ ಬಿಡಿಸಿ, ಹುಟ್ಟಿದ ಗಳಿಗೆಗೆ ಯಾವ ನಕ್ಷತ್ರ, ಯಾವ ಪಾದ ಎಂದು ನೋಡಿ ಅಕ್ಷರ ಕೊಡುತ್ತಿದ್ದರು. ಅಕ್ಷರ ಕೊಟ್ಟಲ್ಲಿಗೆ ಅವರ ಕೆಲಸ ಮುಗಿಯಿತು. ಅವರು ಕೊಡುವ ಅಕ್ಷರವೋ ಕೆಲವೊಮ್ಮೆ ‘ಝ’ ಆಗಿರುತ್ತಿತ್ತು, ಒಮ್ಮೊಮ್ಮೆ ‘ಞ’. ‘ಞ’ದಿಂದ ಶುರುವಾಗುವ ಮನುಷ್ಯ ಇನ್ನೂ ಹುಟ್ಟಬೇಕಾಗಿದೆ. ಅಂಥ ಇಕ್ಕಟ್ಟಿನಲ್ಲಿ ಸಿಕ್ಕ ತಂದೆ ತಾಯಿ ನನ್ನ ಕಟ್ಟೆಗೆ ಬರುತ್ತಿದ್ದರು. ನಾನು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಪುಟ ತಿರುವಿ, ಹತ್ತಿರದ ಅಕ್ಷರಕ್ಕೆ ತಂದು ಹೆಸರು ಕೊಟ್ಟು ಅರ್ಥ ಹೇಳಿ ಕಳಿಸುತ್ತಿದ್ದೆ. ಅಕ್ಷರ ಕೊಡುವುದು ಐನೋರ ಕೆಲಸ, ಹೆಸರು ಕೊಡುವುದು ನನ್ನ ಕೆಲಸ. ಕೂಸನ್ನು ಬದುಕಿಸುವುದು ಯಾರ ಕೆಲಸ ಎಂದು ಯಾರೂ ಕೇಳಲಿಲ್ಲವಾದ್ದರಿಂದ ನಮ್ಮಿಬ್ಬರ ಮರ್ಯಾದೆ ಬಹಳ ದಿನ ಉಳಿಯಿತು.

ನನಗೊಂದು ನಿಯಮವಿತ್ತು. ಕೊಟ್ಟ ಹೆಸರನ್ನೆಲ್ಲ ಆಯಾ ಪುಟದಲ್ಲಿ ಬರೆದು, ಮುಂದೆ ಓಣಿಯನ್ನು ಗುರುತು ಮಾಡುತ್ತಿದ್ದೆ. ಆ ಕೂಸು ತೀರಿಕೊಂಡರೆ, ಶಾಲೆಯಲ್ಲಿ ತಪ್ಪು ತಿದ್ದುವ ಕೆಂಪು ಪೆನ್ನಿನಿಂದ ಹೆಸರಿನ ಮೇಲೊಂದು ಗೆರೆ. ಆ ಹೆಸರನ್ನು ಮತ್ತೆ ಅದೇ ಓಣಿಯಲ್ಲಿ ಕೊಡುತ್ತಿರಲಿಲ್ಲ. ಒಂದು ಮನೆಯ ಮುಂದೆ ಸತ್ತ ಕೂಸಿನ ಹೆಸರು ಹಿಡಿದು ಬೇರೆ ತಾಯಿ ಕೂಗಬಾರದಲ್ಲ, ಅದಕ್ಕೆ. ಇದು ನನ್ನ ಸೂಕ್ಷ್ಮ ಮನಸ್ಸಿನ ಲಕ್ಷಣ ಎಂದೇ ತಿಳಿದಿದ್ದೆ. ಪೆನ್ನು ಕೆಂಪೇ ಏಕೆ ಆಗಬೇಕಿತ್ತು ಎಂದು ಆಗ ಯೋಚಿಸಲಿಲ್ಲ.

ಹೆಸರು, ಗೆರೆ ಎರಡರ ಸುದ್ದಿಯನ್ನೂ ಬಾಗಿಲಿಗೆ ತರುತ್ತಿದ್ದವಳು ಒಬ್ಬ ಸೂಲಗಿತ್ತಿ. ಹಳ್ಳದ ಆಚೆಯ ಓಣಿಯವಳು. ಅದು ಯಾರ ಓಣಿ ಎಂದು ಊರಲ್ಲಿ ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ‘ಆಚಿ ಓಣಿ’ ಎಂದರೆ ಸಾಕಾಗುತ್ತಿತ್ತು. ಅರವತ್ತರ ಹತ್ತಿರದ ಹೆಂಗಸು, ತೆಳ್ಳಗೆ, ಉದ್ದಕ್ಕೆ, ಕೈಬೆರಳುಗಳು ಗಂಡಸಿನವು. ನನ್ನ ಎರಡನೆಯ ಮಗ ಹೊಟ್ಟೆಯಲ್ಲಿ ಅಡ್ಡ ತಿರುಗಿ ಕುಳಿತಾಗ ಅವನನ್ನು ಹೊರಗೆಳೆದು ತಂದದ್ದು ಅವೇ ಬೆರಳುಗಳು. ಅವತ್ತೊಂದು ದಿನ ಅವಳು ನಮ್ಮ ಮನೆಯ ಒಳಕೋಣೆಗೆ ಬಂದಿದ್ದಳು. ಮರುದಿನದಿಂದ ಮತ್ತೆ ಮೆಟ್ಟಿಲ ಕೆಳಗೇ ನಿಲ್ಲುತ್ತಿದ್ದಳು. ಮೇಲೆ ಬಾ ಎಂದು ನಾನೂ ಹೇಳಲಿಲ್ಲ, ಬರಲೇ ಎಂದು ಅವಳೂ ಕೇಳಲಿಲ್ಲ. ಇಬ್ಬರಿಗೂ ಊರಿನ ನಡವಳಿಕೆ ಚೆನ್ನಾಗಿ ಗೊತ್ತಿತ್ತು.

ಆಚಿ ಓಣಿಯವರಿಗೆ ಐನೋರು, ಪಂಚಾಂಗ, ಪಾದ ಯಾವುದೂ ಇರಲಿಲ್ಲ. ಐನೋರು ಹಳ್ಳ ದಾಟುತ್ತಿರಲಿಲ್ಲ. ಅವರು ದಾಟಿದರೂ ಕೊಡಲು ಇವರ ಬಳಿ ಕಾಯಿ, ಅಕ್ಕಿ ಇರಬೇಕಲ್ಲ. ಓಣಿಯ ತುದಿಗೆ ಬೇವಿನ ಮರದ ಕೆಳಗೆ ದುರುಗವ್ವನ ಕಲ್ಲಿತ್ತು. ಹುಟ್ಟಿದ ಕೂಸೆಲ್ಲ ಅವಳದು. ಹೀಗಾಗಿ ಸೂಲಗಿತ್ತಿ ಬಂದು ಹೇಳುತ್ತಿದ್ದುದು ಒಂದೇ ಮಾತು: ನಮ್ಮವ್ವನ ಹೆಸರಾಗ ಒಂದು ಕೊಡ್ರಿ. ಗಂಡಾದರೆ ದೇವಿಯ ಹೆಸರಿಗೆ ‘ಅಪ್ಪ’ ಹಚ್ಚಬೇಕು, ಹೆಣ್ಣಾದರೆ ‘ಅವ್ವ’ ಹಚ್ಚಬೇಕು. ಒಂದೇ ಓಣಿಯಲ್ಲಿ ಏಳು ಮಂದಿಗೆ ಒಂದೇ ಹೆಸರಾದಾಗ ಸಣ್ಣ, ದೊಡ್ಡ, ಕರಿ, ಕೆಂಚ ಎಂದು ಮುಂದೆ ಸೇರಿಸುತ್ತಿದ್ದರು. ಆಗಲೂ ನಾನು ಅವರನ್ನು ‘ದು’ ಪುಟದಲ್ಲೇ ಬರೆದುಕೊಳ್ಳುತ್ತಿದ್ದೆ. ಕ್ರಮ ಎಂದರೆ ಕ್ರಮ.

ಆ ಪುಟದ ಎಡಗಡೆಯನ್ನು ನಾನು ಬಹಳ ಮೊದಲೇ ತುಂಬಿಸಿದ್ದೆ. ದುಃಖ, ದುಗುಡ, ದುರಂತ, ದುರ್ಗತಿ, ದುರ್ಭಿಕ್ಷ, ದುರ್ಮರಣ. ಅಷ್ಟಕ್ಕೆ ನನಗೇ ಕಸಿವಿಸಿಯಾಗಿ, ದುಂಬಿ, ದುಂಡುಮಲ್ಲಿಗೆ, ದುಡಿಮೆ ಎಂದು ಬರೆದು ತಕ್ಕಡಿ ಸರಿಮಾಡಿದ್ದೆ. ನಿಜಾಮರ ಕಾಲದಲ್ಲಿ ಉರ್ದು ಕಲಿತಿದ್ದ ನಮ್ಮಪ್ಪ ಒಮ್ಮೆ ಊರಿಂದ ಬಂದವರು ಪುಟ ನೋಡಿ ದುನಿಯಾ, ದುಕಾನು, ದುವಾ, ದುಶ್ಮನ್ ಎಂದು ನಾಲ್ಕು ಸೇರಿಸಿದರು. ಲೋಕ, ಅಂಗಡಿ, ಪ್ರಾರ್ಥನೆ, ವೈರಿ: ಮನುಷ್ಯನಿಗೆ ಇಷ್ಟು ಸಾಕು, ಮಿಕ್ಕ ಅಕ್ಷರ ಯಾಕೆ ಬೇಕು ಎಂದರು. ದೇವಿಯ ಹೆಸರಿನ ಮುಂದೆ ನಾನು ಬರೆದ ಅರ್ಥ: ಹೋಗಲು ಕಷ್ಟವಾದ ಜಾಗ, ಕೋಟೆ, ಕೋಟೆಯಂತೆ ಕಾಯುವವಳು.

ಕೋಟೆ ಅಷ್ಟೇನೂ ಕಾಯುತ್ತಿರಲಿಲ್ಲ. ಬೇಸಿಗೆ ಏರಿದಾಗ ಒಮ್ಮೆ, ಮೊದಲ ಮಳೆ ಬಿದ್ದು ಹಳ್ಳ ಕೆಂಪಾದಾಗ ಇನ್ನೊಮ್ಮೆ, ಸೂಲಗಿತ್ತಿ ಮೆಟ್ಟಿಲ ಕೆಳಗೆ ಬಂದು ನಿಲ್ಲುತ್ತಿದ್ದಳು. ಯಾರ ಮನೆಯ ಕೂಸು, ಎಷ್ಟು ತಿಂಗಳದ್ದು ಎಂದು ಹೇಳಿ, “ಒಂದು ಗೆರಿ ಎಳಕೊಳ್ರಿ, ಮಾಸ್ತರ್ರ” ಎನ್ನುತ್ತಿದ್ದಳು. ಅಳುತ್ತಿರಲಿಲ್ಲ. ಅಂಗಡಿಗೆ ಬಂದು ಉಪ್ಪು ಕೇಳುವ ದನಿ. ನಾನು ಗೆರೆ ಎಳೆಯುತ್ತಿದ್ದೆ. ಮುಂದಿನ ತಿಂಗಳು ಹೊಸ ಕೂಸು, ಅದೇ ದೇವಿ. ಆದರೆ ಹಳೆಯ ಹೆಸರು ಕೊಡುವಂತಿಲ್ಲ. ಸತ್ತವರು ಹೆಸರು ಹಿಂದಿರುಗಿಸುತ್ತಿರಲಿಲ್ಲ. ಎರಡು ವರ್ಷದಲ್ಲಿ ‘ದು’ ಅಕ್ಷರದ ಹೆಸರುಗಳ ಅಭಾವ ಬಂದಿತು. ಪ್ರಸಾದ, ದಾಸ, ರಾಜ ಎಂದೆಲ್ಲ ಬಾಲ ಹಚ್ಚಿ, ಆ ಓಣಿಯಲ್ಲಿ ಹಿಂದೆಂದೂ ಕೇಳದ ಹೆಸರು ಹುಟ್ಟಿಸಿದೆ. ಒಂದು ಹಂತದಲ್ಲಿ ಆ ಕೊರತೆಯೇ ನನ್ನನ್ನು ಕಾಡುತ್ತಿತ್ತು; ಅದರ ಕಾರಣವಲ್ಲ. ಇದನ್ನು ಹೇಳದೆ ಬಿಡಬಹುದಿತ್ತು, ಹೇಳಿದ್ದೇನೆ.

ಸೂಲಗಿತ್ತಿಗೆ ಒಬ್ಬನೇ ಮಗ. ನಾಟಿ, ಕೊಯ್ಲು ಬಂದಾಗ ಸಿಂಧನೂರಿನ ಕಡೆ ಭತ್ತದ ಗದ್ದೆಗಳಿಗೆ ಕೂಲಿಗೆ ಹೋಗಿ ತಿಂಗಳಾನುಗಟ್ಟಲೆ ಅಲ್ಲೇ ಇರುತ್ತಿದ್ದ. ಸೊಸೆ ಇವಳ ಜೊತೆ. ಆ ಸೊಸೆಯ ಮೊದಲ ಗಂಡುಕೂಸು ಒಂಬತ್ತು ತಿಂಗಳಿಗೆ ಹೋಯಿತು, ಎರಡನೆಯ ಹೆಣ್ಣುಕೂಸು ಏಳಕ್ಕೆ. ಎರಡೂ ವಾಂತಿಭೇದಿಯಿಂದ. ಎರಡಕ್ಕೂ ಹೆಸರು ನನ್ನದೇ, ಎರಡೂ ಗೆರೆ ನನ್ನವೇ. ಊರಿನ ಅರ್ಧ ಕೂಸುಗಳನ್ನು ಕೈಯಲ್ಲಿ ಹಿಡಿದವಳಿಗೆ ಸ್ವಂತಕ್ಕೆ ಒಂದು ಮೊಮ್ಮಗು ನಿಲ್ಲಲಿಲ್ಲ ಎಂದು ಬಜಾರದಲ್ಲಿ ಆಡಿಕೊಳ್ಳುತ್ತಿದ್ದರು.

ಸೊಸೆ ಮೂರನೆಯದಕ್ಕೆ ತುಂಬಿದ ಬಸುರಿ ಇದ್ದಾಗಿನ ಮಾತು. ಮುಂಜಾನೆ ನಾನು ಕಟ್ಟೆಯ ಮೇಲೆ ನೋಟ್‌ಬುಕ್ಕು ಹರಡಿಕೊಂಡು ಕುಳಿತಿದ್ದೆ. ಸೂಲಗಿತ್ತಿ ಬೇರೆ ಯಾರದೋ ಮನೆಯ ಸುದ್ದಿ ಹೇಳಲು ಬಂದಳು. ನಾನು ಗೆರೆ ಎಳೆಯುವಾಗ ಗಾಳಿಗೆ ಪುಟಗಳು ಮಗುಚಿದವು. ಅವಳಿಗೆ ಓದು ಬಾರದು. ಆದರೆ ಬಣ್ಣ ನೋಡಲು ಓದು ಬೇಕಿಲ್ಲವಲ್ಲ. ಸೋ, ಶಾ, ವಿ, ಶ್ರೀ, ಎಲ್ಲ ಪುಟಗಳೂ ಕಳೆ ಕಿತ್ತ ಹೊಲದಷ್ಟು ಸ್ವಚ್ಛ. ಒಂದೆರಡು ಕಡೆ ಒಂದೊಂದು ಕೆಂಪು ಎಳೆ. ಮತ್ತೆ ‘ದು’ ಪುಟ ಬಂತು. ಅವಳು ಕುತ್ತಿಗೆ ಚಾಚಿ ನೋಡಿದಳು.

“ಇದು ಯಾ ಅಕ್ಷರದ ಹಾಳಿ?” ಎಂದಳು.

ಹೇಳಿದೆ.

“ಈ ಒಂದು ಹಾಳಿ ಅಷ್ಟ ಯಾಕ ಹಿಂಗೈತಿ?”

ದುರ್ ಎಂಬುದಕ್ಕೆ ಕೆಟ್ಟದ್ದು ಎಂಬ ಅರ್ಥವೂ ಇದೆ ಎಂದು ಏನೋ ಪಾಂಡಿತ್ಯ ಹೇಳಲು ಹೊರಟವನು ಅರ್ಧಕ್ಕೆ ನಿಲ್ಲಿಸಿದೆ. ಆದರೆ ಆ ಅರ್ಧ ಸಾಕಾಯಿತು. ಸಂಜೆಯೊಳಗೆ ಆಚಿ ಓಣಿಯ ತುಂಬ ಸುದ್ದಿ: ಮಾಸ್ತರರ ಪುಸ್ತಕದಲ್ಲಿ ನಮ್ಮ ಅಕ್ಷರ ಕೆಟ್ಟೈತಿ. ದುರುಗವ್ವನ ಪೂಜಾರಿಗೆ ಸಿಟ್ಟು ಬಂದು, ಮಾಸ್ತರಗ ಬುದ್ಧಿ ಐತೇನು, ನಮ್ಮವ್ವನ ಮ್ಯಾಲ ಗೆರಿ ಎಳಿತಾನ ಎಂದು ಬೈದನಂತೆ. ಬೈದರೂ ಅವನ ಮಗಳೇ ಮರುವಾರ ಬಂದು ತನ್ನ ಕೂಸಿಗೆ ಬೇರೆ ಅಕ್ಷರ ಕೇಳಿಕೊಂಡು ಹೋದಳು.

ಆಗ ನಾನು ಮಾಡಬೇಕಾದದ್ದನ್ನು ಮಾಡಿದೆ, ಅಂದರೆ ಕುಳಿತು ಎಣಿಸಿದೆ. ಆ ಪುಟದಲ್ಲಿ ಕೆಂಪು ಗೆರೆ ಬಿದ್ದ ಹೆಸರುಗಳ ಮುಂದೆ ಗುರುತು ಮಾಡಿದ್ದ ಓಣಿಯನ್ನು ಓದುತ್ತ ಬಂದೆ. ಎಲ್ಲ ಒಂದೇ ಓಣಿ. ‘ದು’ ಪುಟದಲ್ಲೇ ಬಜಾರದ ಎರಡು ಮನೆಯ ಕೂಸುಗಳೂ ಇದ್ದವು. ಉತ್ತರಾಭಾದ್ರೆಯ ಮೊದಲ ಪಾದದಲ್ಲಿ ಹುಟ್ಟಿ, ಐನೋರಿಂದಲೇ ಅಕ್ಷರ ಪಡೆದವು. ಅವು ನಮ್ಮ ಶಾಲೆಯ ಅಂಗಳದಲ್ಲಿ ಆಡುತ್ತ ಗೊಣ್ಣೆ ಸುರಿಸುತ್ತಿದ್ದವು. ಅಕ್ಷರ ಅವನ್ನೇನೂ ಮಾಡಿರಲಿಲ್ಲ. ಆಚಿ ಓಣಿಯವರು ಕುಡಿಯುತ್ತಿದ್ದುದು ಹಳ್ಳದ ಉಸುಕಿನಲ್ಲಿ ತೋಡಿದ ವರ್ತಿಯ ನೀರು. ಒಂದು ಮೊಳ ಗುಂಡಿ, ಬಟ್ಟಲಿನಿಂದ ತೋಡಿ ತೋಡಿ ಕೊಡ ತುಂಬಬೇಕು. ಅದರ ಮೇಲ್ಭಾಗದಲ್ಲಿ ಬಜಾರದ ಗಟಾರು ಹಳ್ಳಕ್ಕೆ ಕೂಡುತ್ತಿತ್ತು. ಆ ಗಟಾರಿಗೆ ನಮ್ಮ ಮನೆಯ ಬಚ್ಚಲ ನೀರೂ ಹೋಗುತ್ತಿತ್ತು.

ಕೂಸು ಹುಟ್ಟಿತು, ಹೆಣ್ಣು. ಹನ್ನೆರಡನೆಯ ದಿನ ಸೂಲಗಿತ್ತಿ ಬಂದಳು. ಮುಂಜಾನೆಯ ಹೊತ್ತು, ಅಂಗಳದಲ್ಲಿ ನಳ ಬಂದಿತ್ತು, ಹೆಂಡತಿ ಕೊಡ ಹಚ್ಚಿ ಒಳಗೆ ಹೋಗಿದ್ದಳು. ಸೂಲಗಿತ್ತಿ ಅವತ್ತು ಉಪ್ಪು ಕೇಳುವ ದನಿಯಲ್ಲಿ ಮಾತಾಡಲಿಲ್ಲ. ಎರಡು ಹೋದವು, ಇದೊಂದು ನಿಲ್ಲಬೇಕು, ಇದೂ ಹೋದರೆ ಸೊಸೆ ಬಾವಿ ನೋಡಿಕೊಳ್ಳುತ್ತಾಳೆ ಎಂದಳು. ಕೆಂಪು ಬೀಳದ ಹಾಳಿಯಿಂದ ಹೆಸರು ಬೇಕು.

ನಾನು ಪಾಠ ಹೇಳುವ ದನಿಯಲ್ಲಿ ಶುರುಮಾಡಿದೆ. ಅಕ್ಷರದಲ್ಲಿ ಏನೂ ಇಲ್ಲ, ಇರುವುದೆಲ್ಲ ನೀರಿನಲ್ಲಿ. ನೀರು ಕುದಿಸಿ ಆರಿಸಿ ಕೊಡಬೇಕು ಎಂದು ವಿವರಿಸಿದೆ. ರೊಟ್ಟಿ ಸುಡಲಿಕ್ಕೇ ಕಟ್ಟಿಗೆ ಸಾಲುತ್ತಿಲ್ಲ, ನೀರು ಕುದಿಸಲು ಎಲ್ಲಿಂದ ತರಲಿ ಎಂದಳು. ನಾನು ಮತ್ತೆ ಅದನ್ನೇ ಇನ್ನಷ್ಟು ಸ್ಪಷ್ಟವಾದ ಕನ್ನಡದಲ್ಲಿ ಹೇಳಿದೆ. ಅವಳು ಪೂರ್ತಿ ಕೇಳಿದಳು.

“ಖರೇ ಇರಬಹುದು, ಮಾಸ್ತರ್ರ. ಆದ್ರ ನೀರು ನಾ ಹ್ಯಾಂಗ ಬದಲಿ ಮಾಡ್ಲಿ? ಅಕ್ಷರ ಆದ್ರ ನಿಮ್ಮ ಕೈಯಾಗೈತಿ. ಅದನ್ನರ ಬದಲಿ ಮಾಡಿಕೊಡ್ರಿ.”

ಹಿಂದೆ ಅಂಗಳದಲ್ಲಿ ಕೊಡ ತುಂಬಿ ಹೊರಚೆಲ್ಲುವ ಸದ್ದು ಬಂತು. ನಳ ಬಂದ್ ಮಾಡಿರಿ, ನೀರು ಸುಮ್ಮನೆ ಹೊಂಟೈತಿ ಎಂದು ಒಳಗಿನಿಂದ ಹೆಂಡತಿ ಕೂಗಿದಳು. ಎದ್ದು ಹೋಗಿ ನಳ ತಿರುವಿ ಬಂದ್ ಮಾಡಿ, ಕೈ ಒರೆಸಿಕೊಂಡು ಬಂದು ‘ವಿ’ ಪುಟ ತೆಗೆದೆ.

ಆ ಪುಟ ಬಜಾರದವರದು. ಬಟ್ಟೆ ಅಂಗಡಿ, ಕಿರಾಣಿ ಅಂಗಡಿಯವರಿಗೆ ಆಗ ‘ವಿ’ಯ ಹುಚ್ಚು; ಸಿನಿಮಾದಲ್ಲಿ ಇರುವಂಥ ಹೊಸ ನಮೂನೆಯ ಹೆಸರು ಬೇಕೆಂದು ಬರುತ್ತಿದ್ದರು. ಒಂದೂ ಗೆರೆ ಇರಲಿಲ್ಲ. ಎಡಗಡೆ ವಿನಯ, ವಿವೇಕ, ವಿಕಾಸ ಎಂದು ಶುರುವಾಗಿ, ಕೆಳಗೆ ಬರುತ್ತ ವಿಷ, ವಿಪತ್ತು, ವಿಯೋಗ ಎಂದೂ ಇತ್ತು. ಅದನ್ನು ನಾನು ಅಂಗೈಯಿಂದ ಮುಚ್ಚಿಕೊಂಡೆ. ಓದು ಬಾರದವಳ ಮುಂದೆ ಮುಚ್ಚಿಕೊಂಡದ್ದು ಏಕೋ ಗೊತ್ತಿಲ್ಲ. ಬಲಗಡೆಯಿಂದ ಗೆಲುವು ಎಂಬರ್ಥದ ಒಂದು ಹೆಸರು ಆರಿಸಿ ಹೇಳಿದೆ. ಅವಳು ಮೂರು ಸಲ ಬಾಯಲ್ಲಿ ತಿರುಗಿಸಿ ನೋಡಿದಳು.

ಇನ್ನೂ ಏನಾದರೂ ಕೊಡಬೇಕು ಎನಿಸಿತು. ಜನಗಣತಿಯ ತರಬೇತಿಗೆಂದು ಸಿಂಧನೂರಿಗೆ ಹೋಗಿದ್ದಾಗ ಅಲ್ಲಿನ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಮಾಸ್ತರರೊಬ್ಬರು ಹೇಳಿದ್ದು ನೆನಪಾಯಿತು. ಅವರಲ್ಲಿ ಒಬ್ಬೊಬ್ಬರಿಗೆ ಎರಡೆರಡು ಹೆಸರು. ಮನೆಯಲ್ಲಿ ಕರೆಯುವುದು ಒಂದು, ಶಾಲೆಗೆ, ಕಚೇರಿಗೆ ಇನ್ನೊಂದು. ಹಾಗೆ ಮಾಡಬಹುದಲ್ಲ, ಯಾವುದು ನಿಜವಾದದ್ದು ಎಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ ಎಂದೆ. ಹೊರಗಿನವರು ಎಂದು ಯಾರನ್ನು ಕುರಿತು ಹೇಳಿದೆನೆಂಬುದು ಅವಳಿಗೆ ತಿಳಿಯಿತು.

“ಎರಡು ಹೆಸರು ಇಟ್ರ ಎರಡು ಗೆರಿ ಆಗ್ತಾವಲ್ರಿ” ಎಂದಳು. ನಕ್ಕಳೋ ಇಲ್ಲವೋ ಹೇಳಲಾರೆ.

ತೊಟ್ಟಿಲಿಗೆ ಹಾಕಿದರು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಹೇಳಿದವಳ ಬೆನ್ನಿಗೆ ಉಳಿದ ಹೆಂಗಸರು ರೂಢಿಯಂತೆ ಗುದ್ದಿದರು. ಗುದ್ದು ಜೋರು ಬಿದ್ದಾವ, ಹೆಸರು ಗಟ್ಟಿ ನಿಂತಿತು ಎಂದು ಸೂಲಗಿತ್ತಿ ಬಂದು ವರದಿ ಒಪ್ಪಿಸಿದಳು. ಆಮೇಲೆ ಆಚಿ ಓಣಿಯವರೆಲ್ಲ ‘ವಿ’ ಕೇಳತೊಡಗಿದರು. ಬಟ್ಟೆ ಅಂಗಡಿಯ ಸಾಹುಕಾರರು ಒಂದು ದಿನ ನನ್ನನ್ನು ತಡೆದು, ನಮ್ಮ ಹುಡುಗನ ಹೆಸರು ಆ ಓಣಿಯಲ್ಲಿ ಕೂಗುತ್ತಾರಂತೆ, ಇದು ಚೆನ್ನಾಗಿದೆಯೆ ಎಂದು ಕೇಳಿದರು. ಹೆಸರಿಗೆ ಯಾರೂ ಬೇಲಿ ಹಾಕಿಕೊಂಡಿಲ್ಲ ಎಂದು ನಾನು ಘನತೆಯಿಂದ ಉತ್ತರ ಕೊಟ್ಟೆ. ಆ ವರ್ಷ ನನ್ನಿಂದ ಹೊರಟ ಧೈರ್ಯದ ಮಾತು ಅದೊಂದೇ.

ಕೂಸು ಒಂಬತ್ತು ತಿಂಗಳು ದಾಟಿತು, ಹತ್ತು ದಾಟಿತು. ಸೂಲಗಿತ್ತಿ ಬಂದಾಗಲೆಲ್ಲ ತಿಂಗಳು ಹೇಳಿಯೇ ಮಾತು ಶುರುಮಾಡುತ್ತಿದ್ದಳು. ಹನ್ನೊಂದನೆಯದರಲ್ಲಿ, ಬಿಸಿಲು ನೆತ್ತಿಗೇರಿದ ದಿನಗಳಲ್ಲಿ, ಒಂದು ಮುಂಜಾನೆ ಸೊಸೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಅತ್ತೆಯ ಹಿಂದೆ ನಮ್ಮ ಮೆಟ್ಟಿಲ ಹತ್ತಿರ ಬಂದಳು. ಕೂಸಿನ ಕಣ್ಣು ಒಳಗೆ ಹೋಗಿದ್ದವು, ತುಟಿ ಒಣಗಿದ್ದವು. ಲಿಂಗಸುಗೂರಿನ ದವಾಖಾನೆಗೆ ಹೋಗಬೇಕು, ಅಲ್ಲಿ ಬರೆಯುವುದು, ಕೇಳುವುದು ತಮಗೆ ತಿಳಿಯುವುದಿಲ್ಲ, ಜೊತೆಗೆ ಬರಬೇಕು ಎಂದರು. ಶಾಲೆಗೆ ಚೀಟಿ ಕಳಿಸಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ನಾನು ಸೀಟಿನ ಮೇಲೆ, ಅವರಿಬ್ಬರು ಹಿಂದೆ ನೆಲದ ಮೇಲೆ. ಎದ್ದು ಬನ್ನಿ ಎಂದರೂ ಏಳಲಿಲ್ಲ. ಲಿಂಗಸುಗೂರು ಹತ್ತಿರವಾದಾಗ ಸೊಸೆ ತಲೆ ಎತ್ತಿ, “ಗೆಲುವು ಅಂದಿದ್ರಲ್ರಿ ನೀವು” ಎಂದಳು. ದೂರುವ ದನಿಯಲ್ಲ. ತಾನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆಯೇ ಎಂದು ವಿಚಾರಿಸುವ ದನಿ. ಹೌದು ಎಂದೆ.

ಡಾಕ್ಟರರು ಒಳ್ಳೆಯವರು. ಹೆಸರು ಬರೆದುಕೊಂಡರು, ಅರ್ಥ ಕೇಳಲಿಲ್ಲ. ಎಲ್ಲಿಯ ನೀರು ಕುಡಿಯುತ್ತೀರಿ ಎಂದು ಕೇಳಿದರು. ಅಲ್ಲಿಯೇ ಎರಡು ದಿನ ಇಟ್ಟುಕೊಂಡು ಸಲಾಯಿನ್ ಹಚ್ಚಿ, ಕೂಸು ಕಣ್ಣುಬಿಟ್ಟ ಮೇಲೆ ಪುಡಿಯ ಪೊಟ್ಟಣ ಕೊಟ್ಟು, ಸ್ವಚ್ಛ ನೀರಿನಲ್ಲಿ ಕಲಸಿ ಕುಡಿಸಬೇಕು, ಇನ್ನೊಮ್ಮೆ ಹೀಗಾದರೆ ಈ ಕೂಸಿಗೆ ತಡೆಯುವ ಶಕ್ತಿಯಿಲ್ಲ ಎಂದು ನನಗೆ ಹೇಳಿದರು. ನಾನು ಅತ್ತೆ ಸೊಸೆಗೆ ಹೇಳಿದೆ. ಈ ಸಲ ಸ್ಪಷ್ಟವಾದ ಕನ್ನಡ ಬೇಕಾಗಲಿಲ್ಲ.

ಊರಿಗೆ ಮರಳಿದ ಮರುದಿನ ಮುಂಜಾನೆ ಸೂಲಗಿತ್ತಿ ಕೊಡ ಹಿಡಿದುಕೊಂಡು ಬಂದಳು. ಕೊಡವನ್ನು ಮೆಟ್ಟಿಲ ಕೆಳಗೆ ಇಟ್ಟು ಮೂರು ಹೆಜ್ಜೆ ಹಿಂದೆ ಸರಿದು ನಿಂತಳು. ನನ್ನ ಹೆಂಡತಿ ನಳದ ನೀರನ್ನು ತಂಬಿಗೆಯಲ್ಲಿ ಹಿಡಿದು ತಂದು, ಮೇಲಿನಿಂದ ಅವಳ ಕೊಡಕ್ಕೆ ಸುರಿದಳು. ಹೀಗೆ ಹದಿನೈದು ದಿನ ನಡೆಯಿತು. ಕೂಸು ಚೇತರಿಸಿಕೊಂಡಿತು. ಗೋಡೆ ಹಿಡಿದು ನಿಲ್ಲುತ್ತದೆ ಎಂದು ಸುದ್ದಿ ಬಂತು. ನಾನು ‘ವಿ’ ಪುಟ ತೆಗೆದು ನೋಡಿ, ಸಮಾಧಾನದಿಂದ ಮುಚ್ಚಿಟ್ಟೆ.

ಹದಿನಾರನೆಯ ದಿನ ಮನೆಯ ಮಾಲಕರು ಬಂದರು. ಮೃದು ಸ್ವಭಾವದ ಮನುಷ್ಯ, ಯಾರಿಗೂ ಗಟ್ಟಿಯಾಗಿ ಮಾತಾಡಿದವರಲ್ಲ. ಚಹಾ ಕುಡಿದರು, ನನ್ನ ಮಕ್ಕಳ ಓದಿನ ಬಗ್ಗೆ ಕೇಳಿದರು, ಮಳೆ ಯಾವಾಗ ಬಂದೀತು ಎಂದು ಆಕಾಶ ನೋಡಿದರು. ಏಳುವಾಗ ಹೇಳಿದರು:

“ನಿಮ್ಮ ಮನಸ್ಸು ದೊಡ್ಡದು, ಮಾಸ್ತರ್ರ, ಅದರಾಗ ಎರಡು ಮಾತಿಲ್ಲ. ಆದ್ರ ನಳ ನಂದೈತಿ.”

ಓಣಿಯವರು ತಮ್ಮನ್ನು ಕೇಳುತ್ತಿದ್ದಾರೆ, ಇವತ್ತು ಒಬ್ಬಳು ಬಂದಾಳ, ನಾಳೆ ಓಣಿ ಓಣಿಯೇ ಬರುತ್ತದೆ, ತಮ್ಮ ತಂಗಿಯ ಮಗನಿಗೂ ಒಂದು ಮನೆ ಬೇಕಾಗಿದೆ ಎಂದರು. ಚಪ್ಪಲಿ ಮೆಟ್ಟಿಕೊಂಡು, ಚಹಾ ಚೊಲೋ ಇತ್ತು ಎಂದು ಹೇಳಿ ಹೋದರು.

ನಾನು ಹೆಂಡತಿಯನ್ನು ಕರೆದು, ನಾಳೆ ಅವಳು ಬಂದಾಗ ಒಂದು ಮಾತು ಹೇಳಿಬಿಡು ಎಂದೆ. ಅವಳು ಹಿಟ್ಟು ನಾದುತ್ತಿದ್ದಳು. “ನೀವ ಹೇಳ್ರಿ. ನಾ ಹೇಳಾಂಗಿಲ್ಲ” ಎಂದಳು. ತಲೆ ಎತ್ತಲಿಲ್ಲ.

ಎರಡೂ ಕಡೆಯಿಂದ ಯೋಚಿಸಿದೆ. ಬೇರೆ ಮನೆ ಹುಡುಕಬಹುದಿತ್ತು. ನಳ ಇರುವ ಮನೆ ಆ ಊರಲ್ಲಿ ಮಾಸ್ತರರಿಗೆ ಎರಡನೆಯ ಸಲ ಸಿಗುತ್ತಿರಲಿಲ್ಲ. ನಾನೇ ಕೊಡ ಹೊತ್ತು ಹಳ್ಳದವರೆಗೆ ಹೋಗಿ ಕೊಟ್ಟು ಬರಬಹುದಿತ್ತು, ಊರು ನೋಡುತ್ತಿತ್ತು. ಪಂಚಾಯಿತಿಗೆ ಅರ್ಜಿ ಬರೆಯಬಹುದಿತ್ತು. ಅದನ್ನು ಬರೆದೆ, ಬಹಳ ಒಳ್ಳೆಯ ಭಾಷೆಯಲ್ಲಿ ಬರೆದೆ. ತಲುಪಿದ ಬಗ್ಗೆ ಒಂದು ಚೀಟಿ ಬಂತು. ಉಳಿದದ್ದು ಮರುದಿನ ಮುಂಜಾನೆ.

ಅವಳು ಬಂದಳು, ಕೊಡ ಇಟ್ಟಳು, ಮೂರು ಹೆಜ್ಜೆ ಹಿಂದೆ ಸರಿದಳು. ಹೆಂಡತಿ ಒಳಗೇ ಉಳಿದಳು. ನಾನು ಕಟ್ಟೆಯ ಮೇಲೆ ನಿಂತು, “ಯಮ್ಮಾ, ನಾಕು ದಿನ ಬರಬ್ಯಾಡ. ಆಮ್ಯಾಲ ನೋಡೂನು” ಎಂದೆ. ನಾಲ್ಕು ದಿನ ಎಂದದ್ದು ಸುಮ್ಮನೆ, ಮಾತು ಪೂರ್ತಿಯಾಗಲಿ ಎಂದು.

“ಆತ್ರಿ” ಎಂದಳು. ಬಗ್ಗಿ ಕೊಡ ಎತ್ತಿಕೊಂಡಳು. ಅದು ಖಾಲಿ ಇತ್ತು. ಅವತ್ತೊಂದು ದಿನವಾದರೂ ತುಂಬಿಸಿ ಕಳಿಸಬಹುದಿತ್ತು. ನಳ ಬಿಟ್ಟೇ ಇತ್ತು.

ಮುಂದಿನ ವಾರ ಮಳೆ ಬಂತು. ಮೊದಲ ನೀರಿಗೆ ಹಳ್ಳ ಕೆಂಪಾಗಿ, ಬಜಾರದ ಗಟಾರು ತೊಳೆದುಕೊಂಡು ಹೋಗಿ, ವರ್ತಿಗಳೆಲ್ಲ ಮುಚ್ಚಿದವು. ನೀರು ಇಳಿದ ಮೇಲೆ ಆಚಿ ಓಣಿಯ ಹೆಂಗಸರು ಮತ್ತೆ ಉಸುಕು ತೋಡುವುದು ಶಾಲೆಯ ಕಿಟಕಿಯಿಂದ ಕಾಣುತ್ತಿತ್ತು. ನಾನು ಆ ಕಡೆಯ ಕಿಟಕಿಗೆ ಬೆನ್ನು ಮಾಡಿ ಪಾಠ ಹೇಳತೊಡಗಿದೆ. ಹಲಗೆ ಇನ್ನೊಂದು ಗೋಡೆಗೆ ಇದ್ದದ್ದರಿಂದ ಮಕ್ಕಳಿಗೆ ತೊಂದರೆಯಾಯಿತು.

ಮಳೆ ಬಂದ ಹನ್ನೊಂದು ದಿನಕ್ಕೆ ಸೂಲಗಿತ್ತಿ ಬಂದಳು. ಕೈಯಲ್ಲಿ ಕೊಡ ಇರಲಿಲ್ಲ. ಈ ಸಲ ಲಿಂಗಸುಗೂರಿಗೆ ಹೋಗಲಿಲ್ಲವೆ ಎಂದು ಕೇಳಿದೆ. ರಾತ್ರಿ ಶುರುವಾಗಿ ಬೆಳಗಿನ ಬಸ್ಸು ಬರುವುದರೊಳಗೆ ಮುಗಿದಿತ್ತು. ಸೊಸೆಯನ್ನು ಅವಳ ತವರಿನವರು ಬಂದು ಪಾಮನಕಲ್ಲೂರಿಗೆ ಕರೆದುಕೊಂಡು ಹೋಗಿದ್ದರು. ಒಳಗೆ ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಕೇಳಿಸಿತು.

“ಗೆರಿ ಎಳಕೊಳ್ರಿ, ಮಾಸ್ತರ್ರ” ಎಂದಳು. “ಆ ಹಾಳಿಗಿ ಇದು ಮೊದಲನೇದು.”

ಎಳೆದೆ. ಗೆರೆ ನೇರವಾಗಿಯೇ ಬಂದಿದೆ, ಈಗಲೂ ನೋಡಬಹುದು. ಆಮೇಲೆ ಅವಳು ನಮ್ಮ ಮನೆಗೆ ಬರಲಿಲ್ಲ. ಗೆರೆಯ ಸುದ್ದಿಯನ್ನು ಬೇರೆಯವರು ತಂದರು.

ಆ ಮಳೆಗಾಲ ಮುಗಿಯುವಷ್ಟರಲ್ಲಿ ‘ವಿ’ ಪುಟದಲ್ಲಿ ಐದು ಗೆರೆಗಳಾದವು. ಐದೂ ಆಚಿ ಓಣಿಯವು. ಹಳ್ಳದ ಆಚೆಗೆ ನಳ ಹಾಕಿದ್ದು ತೊಂಬತ್ತರ ನಂತರ. ಆಗ ನಾನು ಲಿಂಗಸುಗೂರಿನ ಶಾಲೆಯಲ್ಲಿದ್ದೆ.